“ನಿನ್ನೆಯವರೆಗೂ ಏನೂ ಇರಲಿಲ್ಲ”: ಹೃದಯದ ಗೋಡೆಯ ಒಂದು ಚರಿತ್ರೆ

ಮಿಂಬರ್ ಮೇಲೆ ನಿಂತು ಹೃದಯದ ಕಾಯಿಲೆ ಎಂದಾಗ ನಾವು ಸಾಮಾನ್ಯವಾಗಿ ಅಸೂಯೆ, ಅಹಂಕಾರ, ಹಗೆತನಗಳ ಬಗ್ಗೆ ಹೇಳುತ್ತೇವೆ. ಈ ಸಲ ಎದೆಯೊಳಗೆ ಮಿಡಿಯುವ ಮಾಂಸದ ಹೃದಯದ ಬಗ್ಗೆಯೇ ಹೇಳಬೇಕಾಗಿದೆ. ಅದಕ್ಕೆ ಕಾರಣವಿದೆ.

ಕಳೆದ ಚಳಿಗಾಲದಲ್ಲಿ ಇಶಾ ನಮಾಝಿನ ನಂತರ ನಮ್ಮ ಜಮಾಅತಿನ ಸಹೋದರರೊಬ್ಬರು ಎದೆ ಒತ್ತಿಕೊಂಡು ಬಂದರು. ವಯಸ್ಸು ನಲವತ್ತೈದರ ಆಸುಪಾಸು. “ಹಜ್ರತ್, ಎದೆ ಉರೀತಿದೆ, ಎಡಗೈ ಭಾರ ಆಗಿದೆ” ಎಂದರು. “ಗ್ಯಾಸ್ಟ್ರಿಕ್ ಇರಬೇಕು ಭಾಯಿ, ಮಲಗಿದರೆ ಸರಿಹೋಗುತ್ತದೆ” ಎಂದು ಶುಂಠಿ ಚಹಾ ಕುಡಿಸಿ ಮನೆಗೆ ಕಳುಹಿಸಿದವರು ನಾವೇ. ಮರುದಿನ ಅಸರ್ ನಂತರ ಅವರ ಜನಾಝಾ ನಮಾಝಿಗೆ ಇಮಾಮರಾಗಿ ನಿಂತವರೂ ನಾವೇ. ಕಬರಸ್ಥಾನದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: “ನಿನ್ನೆಯವರೆಗೂ ಏನೂ ಇರಲಿಲ್ಲ.”

ಆ ಮಾತು ನಿಜವೇ? ಈ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ಮೊದಲು ಎದುರಾದವರು ಕೈರೋದ ಒಬ್ಬ ಆಲಿಮ್.

ಇಬ್ನುನ್ನಫೀಸ್ 13ನೇ ಶತಮಾನದವರು. ದಮಾಸ್ಕಸ್‌ನಲ್ಲಿ ವೈದ್ಯಶಾಸ್ತ್ರ ಕಲಿತು ಕೈರೋಗೆ ಹೋದರು. ಅಲ್ಲಿ ವೈದ್ಯರಾಗಿದ್ದುಕೊಂಡೇ ಮದ್ರಸದಲ್ಲಿ ಶಾಫಿಈ ಫಿಕ್‌ಹ್ ಕಲಿಸಿದರು. ಅವರ ಕಾಲದಲ್ಲಿ ವೈದ್ಯರಿಗೆಲ್ಲ ಗ್ರೀಕ್ ವೈದ್ಯ ಗ್ಯಾಲೆನ್‌ನ ಮಾತೇ ಪ್ರಮಾಣ. ಹೃದಯದ ಬಲ ಮತ್ತು ಎಡ ಕೋಣೆಗಳ ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ರಕ್ತ ಅವುಗಳ ಮೂಲಕ ದಾಟುತ್ತದೆ ಎಂಬುದು ಅವನ ವಾದ. ಸಾವಿರ ವರ್ಷ ಯಾರೂ ಅದನ್ನು ಪ್ರಶ್ನಿಸಿರಲಿಲ್ಲ. ಇಬ್ನು ಸೀನಾರ ಗ್ರಂಥದ ಅಂಗರಚನೆಯ ಭಾಗಕ್ಕೆ 1242ರಲ್ಲಿ ಬರೆದ ವ್ಯಾಖ್ಯಾನದಲ್ಲಿ ಇಬ್ನುನ್ನಫೀಸ್ ಇದನ್ನು ಒಪ್ಪಲಿಲ್ಲ. ಆ ಗೋಡೆ ದಪ್ಪ, ಗಟ್ಟಿ, ಅದರಲ್ಲಿ ಯಾವ ರಂಧ್ರವೂ ಇಲ್ಲ, ರಕ್ತ ಶ್ವಾಸಕೋಶಕ್ಕೆ ಹೋಗಿ ಗಾಳಿಯೊಡನೆ ಬೆರೆತೇ ಎಡಕ್ಕೆ ಬರುತ್ತದೆ ಎಂದರು.

ಅದೇ ಪುಸ್ತಕದಲ್ಲಿ ಅವರು ಇನ್ನೊಂದು ವಿಷಯ ಹೇಳಿದ್ದಾರೆ. ಹೃದಯಕ್ಕೆ ಪೋಷಣೆ ಸಿಗುವುದು ಅದರ ಕೋಣೆಯಲ್ಲಿ ತುಂಬಿದ ರಕ್ತದಿಂದ ಅಲ್ಲ, ಅದರ ಮೈಯೊಳಗೇ ಹರಡಿರುವ ನಾಳಗಳಿಂದ. ನಮ್ಮ ಸಹೋದರರ ಪ್ರಾಣ ಹೋದದ್ದು ಇಂಥದೊಂದು ನಾಳ ಮುಚ್ಚಿಹೋದದ್ದರಿಂದ.

ಇಬ್ನುನ್ನಫೀಸ್ 1288ರಲ್ಲಿ ತೀರಿಕೊಂಡರು. ತಮ್ಮ ಮನೆ, ಪುಸ್ತಕಗಳನ್ನು ಕೈರೋದ ಮನ್ಸೂರಿ ಆಸ್ಪತ್ರೆಗೆ ಬಿಟ್ಟುಹೋದರು. 1924ರಲ್ಲಿ ಈಜಿಪ್ಟಿನ ವೈದ್ಯ ಮುಹ್ಯಿದ್ದೀನ್ ಅತ್ತತಾವಿ ಬರ್ಲಿನ್ನಿನ ಗ್ರಂಥಾಲಯದಲ್ಲಿ ಆ ಹಸ್ತಪ್ರತಿಯನ್ನು ಗುರುತಿಸುವವರೆಗೆ ಲೋಕ ಇದನ್ನು ಹೆಚ್ಚುಕಡಿಮೆ ಮರೆತೇ ಇತ್ತು.

ನಾಳ ಮುಚ್ಚಿಹೋಗುವುದು ಹೇಗೆ? 19ನೇ ಶತಮಾನದ ನಡುವೆ ಈ ಬಗ್ಗೆ ಯುರೋಪಿನಲ್ಲಿ ದೊಡ್ಡ ಚರ್ಚೆ ನಡೆಯಿತು. ರಕ್ತದಲ್ಲಿನ ಪದಾರ್ಥ ನಾಳದ ಒಳಮೈಗೆ ಅಂಟಿಕೊಳ್ಳುತ್ತದೆ, ಅಷ್ಟೇ ಎಂದರು ವಿಯೆನ್ನಾದ ರೋಕಿಟಾನ್ಸ್ಕಿ. ಇಲ್ಲ, ನಾಳದ ಗೋಡೆಯೊಳಗೇ ಉರಿಯೂತ ಆಗುತ್ತದೆ, ಗೋಡೆಯೇ ರೋಗಿ ಎಂದರು ಜರ್ಮನಿಯ ವಿರ್ಶೋ. 1913ರಲ್ಲಿ ರಷ್ಯಾದ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ ನೋಡಿದಾಗ ಅವುಗಳ ನಾಳದ ಗೋಡೆಯೊಳಗೆ ಕೊಬ್ಬು ತುಂಬಿಕೊಂಡಿತ್ತು. 1970ರ ದಶಕದಲ್ಲಿ ಅಮೆರಿಕದ ರಸೆಲ್ ರಾಸ್ ಈ ಎಳೆಗಳನ್ನು ಜೋಡಿಸಿದರು. ಮೊದಲು ಒಳಪೊರೆಗೆ ಗಾಯ, ಆಮೇಲೆ ಉಳಿದದ್ದೆಲ್ಲ.

ಆ ಒಳಪೊರೆಯ ದಪ್ಪ ಒಂದೇ ಒಂದು ಜೀವಕೋಶದಷ್ಟು. ಆದರೂ ಅದು ಬರೀ ಅಸ್ತರಿಯಲ್ಲ. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ತುಂಡುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು: ಒಳಪೊರೆ ಇದ್ದರೆ ಔಷಧಕ್ಕೆ ನಾಳ ಸಡಿಲಗೊಳ್ಳುತ್ತದೆ, ಪೊರೆ ಉಜ್ಜಿಹೋಗಿದ್ದರೆ ಸಡಿಲಗೊಳ್ಳುವುದಿಲ್ಲ. ಪೊರೆಯಿಂದ ಹೊರಡುವ ಆ ಸಂದೇಶ ನೈಟ್ರಿಕ್ ಆಕ್ಸೈಡ್ ಎಂದು ಆಮೇಲೆ ತಿಳಿಯಿತು. ಈ ಕೆಲಸಕ್ಕೆ 1998ರಲ್ಲಿ ಮೂವರಿಗೆ ನೊಬೆಲ್ ಬಂತು.

ಏರಿದ ರಕ್ತದೊತ್ತಡ, ಬೀಡಿ ಸಿಗರೇಟಿನ ಹೊಗೆ, ಹತೋಟಿ ತಪ್ಪಿದ ಸಕ್ಕರೆ, ಕೆಟ್ಟ ಕೊಲೆಸ್ಟ್ರಾಲ್ ಇವೆಲ್ಲ ಸೇರಿ ಈ ಪೊರೆಯನ್ನು ಕೆಡಿಸುತ್ತವೆ. ಕೊಬ್ಬು ಗೋಡೆಯೊಳಗೆ ನುಗ್ಗುತ್ತದೆ. ಅದನ್ನು ತೆಗೆಯಲು ಬಂದ ಬಿಳಿ ರಕ್ತಕಣಗಳು ಕೊಬ್ಬು ತಿಂದು ಉಬ್ಬಿ ಅಲ್ಲೇ ಸಾಯುತ್ತವೆ. ಗೋಡೆಯೊಳಗೆ ಗಂಜಿಯಂಥ ಗಡ್ಡೆ ಬೆಳೆಯುತ್ತದೆ. ಅಥೆರೋಸ್ಕ್ಲೆರೋಸಿಸ್ ಎಂಬ ಹೆಸರಿನ ಮೊದಲ ಅರ್ಧಕ್ಕೆ ಗ್ರೀಕಿನಲ್ಲಿ ಗಂಜಿ ಎಂದೇ ಅರ್ಥ. ಒಂದು ದಿನ ಗಡ್ಡೆಯ ಮೇಲಿನ ತೆಳು ಮುಚ್ಚಳ ಹರಿಯುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಆಗ ಆ ನಾಳ ಪೋಷಿಸುತ್ತಿದ್ದ ಹೃದಯದ ಗೋಡೆ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಬದುಕಿ ಉಳಿದರೂ ಸತ್ತ ಭಾಗ ಗಾಯದ ಕಲೆಯಾಗಿ ಉಳಿಯುತ್ತದೆ. ಅದು ಮತ್ತೆ ಸಂಕುಚಿಸುವುದಿಲ್ಲ. ಕಲೆ ದೊಡ್ಡದಾಗಿದ್ದರೆ ಹೃದಯ ಹಿಗ್ಗಿ, ಸೋತು, ಮೆಟ್ಟಿಲು ಹತ್ತುವಾಗಲೂ ಏದುಸಿರು ಬರುತ್ತದೆ.

ಇದೆಲ್ಲ ಎಷ್ಟು ಬೇಗ ಶುರುವಾಗುತ್ತದೆ? ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ವೈದ್ಯರು ಪರೀಕ್ಷಿಸಿ 1953ರಲ್ಲಿ ವರದಿ ಪ್ರಕಟಿಸಿದರು. ಆ ಹುಡುಗರ ಸರಾಸರಿ ವಯಸ್ಸು 22. ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿಯ ಹೃದಯದ ನಾಳಗಳಲ್ಲಿ ಈ ರೋಗದ ಗುರುತು ಕಣ್ಣಿಗೇ ಕಾಣುತ್ತಿತ್ತು. ಅವರ ಮನೆಯವರೂ ನಮ್ಮವರ ಹಾಗೆಯೇ ಹೇಳುತ್ತಿದ್ದರೇನೋ, ಏನೂ ಇರಲಿಲ್ಲ ಎಂದು.

ಸಹೋದರ ಸಹೋದರಿಯರೇ, ತಕ್‌ದೀರ್ ನಮ್ಮ ಈಮಾನಿನ ಭಾಗ. ಆದರೆ ನಮ್ಮ ಅಜಾಗ್ರತೆಗೆ ತಕ್‌ದೀರ್ ಎಂದು ಹೆಸರಿಡುವುದು ಸರಿಯಲ್ಲ. ದೇಹ ಅಮಾನತ್ತು. ಮೂವತ್ತು ದಾಟಿದವರು ಬಿ.ಪಿ., ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿಕೊಳ್ಳಿ. ಬೀಡಿ, ಸಿಗರೇಟು, ಗುಟ್ಕಾ ಬಿಡಿ. ರಮಝಾನಿನಲ್ಲಿ ಮಾತ್ರೆಯ ವೇಳೆ ಬದಲಿಸಬೇಕಾದರೆ ವೈದ್ಯರನ್ನು ಕೇಳಿ, ನೀವೇ ನಿಲ್ಲಿಸಬೇಡಿ. ಎದೆ ಹಿಂಡಿದಂತಾಗಿ ನೋವು ಕೈಗೆ, ದವಡೆಗೆ ಹರಿದರೆ, ತಣ್ಣನೆಯ ಬೆವರು ಬಂದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಬೆಳಗಾಗುವುದನ್ನು ಕಾಯಬೇಡಿ, ಕೂಡಲೇ 108ಕ್ಕೆ ಕರೆ ಮಾಡಿ. ಹೆಂಗಸರಲ್ಲಿ ಕೆಲವೊಮ್ಮೆ ವಾಕರಿಕೆ, ಸುಸ್ತು ಮಾತ್ರ ಕಾಣಬಹುದು. ಅಡುಗೆಮನೆಯ ಆಯಾಸ ಎಂದು ಅದನ್ನು ತಳ್ಳಿಹಾಕಬೇಡಿ.

ಆ ರಾತ್ರಿ ನಾವು ಚಹಾದ ಬದಲು ಆಟೋ ತರಿಸಿದ್ದರೆ ಅವರು ಉಳಿಯುತ್ತಿದ್ದರೋ ಇಲ್ಲವೋ, ಅದರ ಜ್ಞಾನ ಅಲ್ಲಾಹನಿಗೆ ಮಾತ್ರ. ಪ್ರಯತ್ನಿಸುವ ಹೊಣೆ ಮಾತ್ರ ನಮ್ಮ ಮೇಲಿತ್ತು. ಅಲ್ಲಾಹನು ಆ ಸಹೋದರರಿಗೆ ಮಗ್ಫಿರತ್ ನೀಡಲಿ, ನಮ್ಮ ತಪ್ಪನ್ನು ಮನ್ನಿಸಲಿ. ಆಮೀನ್.