ಷರತ್ತಿನ ಬೆಲೆ: ಮಧುಗಿರಿ ಸೀಮೆಯ ರೈಲು ಮತ್ತು ಕರಾರು ಬರೆಸಿದ ಖರ್ಚು

ತುಮಕೂರು ಜಿಲ್ಲೆಯ ಉತ್ತರ ಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಎರಡು ಹಳೆಯ ರೈಲು ಹಾದಿಗಳ ನಡುವೆ ಸಿಕ್ಕಿಕೊಂಡ ಸೀಮೆ. ದಕ್ಷಿಣಕ್ಕೆ ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ ಮೂಲಕ ಹರಿಹರಕ್ಕೆ ಹೋಗುವ ಹಳಿ. ಪೂರ್ವಕ್ಕೆ ದೊಡ್ಡಬಳ್ಳಾಪುರ, ಗೌರಿಬಿದನೂರು, ಹಿಂದೂಪುರ ಹಾದು ಗುಂತಕಲ್ಲಿನ ಕಡೆ ಸಾಗುವ ಹಳಿ. ಮೊದಲನೆಯದು ತುಮಕೂರನ್ನು ಮುಟ್ಟಿದ್ದು 1884ರಲ್ಲಿ, ಹರಿಹರವನ್ನು 1889ರಲ್ಲಿ. ಎರಡನೆಯದು 1890ರ ದಶಕದ ಆರಂಭದಲ್ಲಿ ಹಿಂದೂಪುರ ದಾಟಿತು. ಪಾವಗಡದವರಿಗೆ ರೈಲು ಎಂದರೆ ಹಿಂದೂಪುರ ಅಥವಾ ಪೆನುಕೊಂಡ, ಶಿರಾದವರಿಗೆ ತುಮಕೂರು. ಈ ನಾಲ್ಕು ಊರುಗಳಿಗೆ ಹಳಿ ಹಾಕುವ ಮಂಜೂರಾತಿ ಬಂದದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ.

ಇದಕ್ಕೆ ಬೆಟ್ಟಗುಡ್ಡಗಳನ್ನೋ ಮಳೆ ಕಾಣದ ನೆಲವನ್ನೋ ಕಾರಣ ಹೇಳುವುದು ರೂಢಿ. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ರೈಲು ಹೋಗುವ ದಿಕ್ಕು ನೆಲದ ಮೇಲೆ ನಿಶ್ಚಯವಾಗುವುದಕ್ಕೆ ಮೊದಲು ಕಾಗದದ ಮೇಲೆ ನಿಶ್ಚಯವಾಗಿರುತ್ತದೆ. ಆ ಕಾಗದವನ್ನು ಬರೆಯುವವರಿಗೆ ಸರ್ಕಾರ ಏನು ಕೊಟ್ಟಿತು, ಬರೆದದ್ದರ ಫಲವಾಗಿ ಏನು ತೆತ್ತಿತು ಎಂಬ ಎರಡು ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡುವ ಪ್ರಯತ್ನ ಈ ಲೇಖನದ್ದು. ವಕೀಲರ ಫೀಸು ಯಾವ ಕಾಲದಲ್ಲೂ ಚಿಕ್ಕ ಲೆಕ್ಕ. ಷರತ್ತಿನ ಬೆಲೆಯೇ ದೊಡ್ಡದು ಎಂಬುದು ನನ್ನ ವಾದ.

ಮೈಸೂರು ಸಂಸ್ಥಾನ ರೈಲಿಗೆ ಕೈಹಾಕಿದ್ದು 1876–78ರ ಬರಗಾಲದ ಬೆನ್ನಿಗೆ. ಆ ಬರ ಖಜಾನೆಯನ್ನು ಬರಿದು ಮಾಡಿ, ಭಾರತ ಸರ್ಕಾರಕ್ಕೆ 80 ಲಕ್ಷ ರೂಪಾಯಿ ಸಾಲವನ್ನೂ ಉಳಿಸಿ ಹೋಗಿತ್ತು. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿದಾಗ ಬರೆದ ಹಸ್ತಾಂತರ ಪತ್ರದಲ್ಲೇ ರೈಲಿನ ಷರತ್ತು ಇತ್ತು. ಬ್ರಿಟಿಷ್ ಸರ್ಕಾರ ನಡೆಸುವ ರೈಲಿಗೆ ಬೇಕಾದ ಭೂಮಿಯನ್ನು ಸಂಸ್ಥಾನ ಪುಕ್ಕಟೆ ಕೊಡಬೇಕು, ಆ ಭೂಮಿಯ ಮೇಲಿನ ಅಧಿಕಾರವನ್ನೂ ಬಿಟ್ಟುಕೊಡಬೇಕು. ಸಹಿ ಹಾಕುವ ಪಕ್ಷಕ್ಕೆ ತಕರಾರು ಎತ್ತುವ ಜಾಗವೇ ಇರದ ದಸ್ತಾವೇಜು ಅದು. ಅಲ್ಲಿ ಎಂಥ ವಕೀಲರಿದ್ದರೂ ಮಾಡುವಂಥದ್ದು ಹೆಚ್ಚಿರಲಿಲ್ಲ.

ರಂಗಾಚಾರ್ಲು ಅವರ ದಿವಾನಗಿರಿಯಲ್ಲಿ 1882ಕ್ಕೆ ಬೆಂಗಳೂರು–ಮೈಸೂರು ಹಾದಿ ಪೂರ್ತಿಯಾಯಿತು. ಮುಂದೆ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಗುಬ್ಬಿಯವರೆಗೆ ಬಂದ ಹಳಿಯನ್ನು ಹರಿಹರಕ್ಕೆ ಒಯ್ಯಲು ಹಣ ಸಾಲದಾಯಿತು. 1886ರಲ್ಲಿ ಸಂಸ್ಥಾನ ತನ್ನ ಖರ್ಚಿನಲ್ಲಿ ಕಟ್ಟಿದ್ದ ಹಳಿಯನ್ನೇ ಒತ್ತೆಯಿಟ್ಟು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ವಹಿಸಿತು. ಕಂಪನಿ ಇಂಗ್ಲೆಂಡಿನಲ್ಲಿ ಶೇ 4ರ ಬಡ್ಡಿಗೆ ಸುಮಾರು 12 ಲಕ್ಷ ಪೌಂಡ್ ಸಾಲ ಎತ್ತಿ, ಉಳಿದ ದಾರಿ ಕಟ್ಟಿ, ಇಡೀ ಹಾದಿಯನ್ನು ದಶಕಗಳ ಕಾಲ ನಡೆಸಬೇಕು. ಮಿಗುವ ಲಾಭದಲ್ಲಿ ಪಾಲು ಪಡೆಯಬೇಕು. ಬಡ್ಡಿಯ ಹೊರೆ ಮೈಸೂರಿನದು. ಬ್ರಿಟನ್ನಿನಲ್ಲಿ ಈಚಿನವರೆಗೆ ಫ್ರಾಂಚೈಸಿ ಎನ್ನುತ್ತಿದ್ದ, ನಮ್ಮಲ್ಲಿ ಕನ್ಸೆಷನ್ ಒಪ್ಪಂದ ಎಂದು ಕರೆಯುವ ವ್ಯವಸ್ಥೆಗೆ ನಮ್ಮ ನೆಲದ ಹಿರಿಯ ಉದಾಹರಣೆ ಇದೇ ಎನ್ನಬಹುದು.

ಈ ಕರಾರಿನಲ್ಲಿ ಅತಿ ದುಬಾರಿಯಾದ ಷರತ್ತು ಯಾವುದು? ಶೇ 4ರ ಬಡ್ಡಿ ಆ ಕಾಲಕ್ಕೆ ವಿಪರೀತವೇನಲ್ಲ. ದುಬಾರಿಯಾದದ್ದು ಸಾಲ ಪೌಂಡಿನಲ್ಲಿ ಇದ್ದದ್ದು. 12 ಲಕ್ಷ ಪೌಂಡಿಗೆ ವರ್ಷಕ್ಕೆ 48,000 ಪೌಂಡ್ ಬಡ್ಡಿ. 1880ರ ದಶಕದ ಮಧ್ಯದಲ್ಲಿ ಒಂದು ರೂಪಾಯಿಗೆ ಸುಮಾರು 18 ಪೆನ್ಸ್ ಸಿಗುತ್ತಿತ್ತು. ಆ ದರದಲ್ಲಿ ಬಡ್ಡಿ 6.4 ಲಕ್ಷ ರೂಪಾಯಿ. ಬೆಳ್ಳಿಯ ಬೆಲೆ ಕುಸಿದು 1894–95ರ ಹೊತ್ತಿಗೆ ರೂಪಾಯಿ ಸುಮಾರು 13 ಪೆನ್ಸಿಗೆ ಇಳಿಯಿತು. ಅದೇ ಬಡ್ಡಿ ಈಗ 8.86 ಲಕ್ಷ. ಒಂದು ಹಳಿಯೂ ಹೆಚ್ಚಾಗಲಿಲ್ಲ, ಒಂದು ಬೋಗಿಯೂ ಸೇರಲಿಲ್ಲ, ಆದರೂ ವರ್ಷಕ್ಕೆ ಸುಮಾರು ಎರಡೂವರೆ ಲಕ್ಷ ರೂಪಾಯಿ ಹೆಚ್ಚಿನ ಹೊರೆ. ವಿನಿಮಯ ದರದ ನಷ್ಟವನ್ನು ಯಾರು ಹೊರಬೇಕೆಂಬ ಒಂದು ಸಾಲಿನ ಬೆಲೆ ಇದು. ಲಂಡನ್ನಿನ ಯಾವ ಸಾಲಿಸಿಟರನ ಬಿಲ್ಲೂ ಇದರ ಹತ್ತಿರ ಬರಲಾರದು.

ಮಧುಗಿರಿ ಸೀಮೆಗೆ ಇನ್ನೊಂದು ಪೆಟ್ಟು ಬಿದ್ದಿತು. ಹರಿಹರದ ಹಾದಿ, ಹಿಂದೂಪುರದ ಹಾದಿ, ಗುಂತಕಲ್–ಮೈಸೂರು ಗಡಿ ರೈಲ್ವೆ ಮೂರನ್ನೂ ನಡೆಸಿದ್ದು ಒಂದೇ ಕಂಪನಿ. ತನ್ನ ಎರಡು ಹಾದಿಗಳ ನಡುವಿನ ನೆಲಕ್ಕೆ ಮೂರನೆಯದನ್ನು ಹಾಕಿ ತನ್ನ ಗಿರಾಕಿಯನ್ನು ತಾನೇ ಹಂಚಿಕೊಳ್ಳುವ ತುರ್ತು ಅದಕ್ಕೆ ಯಾಕಿರಬೇಕು? 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯೊಡನೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ (1912–18) ಸಂಸ್ಥಾನ ತನ್ನ ಹಳಿಗಳನ್ನು ತಾನೇ ನಡೆಸುವ ಪಟ್ಟು ಹಿಡಿಯಿತು. 1919ರಲ್ಲಿ ಮೈಸೂರು, ನಂಜನಗೂಡು, ಶಿವಮೊಗ್ಗದ ಹಾದಿಗಳು ಕೈಗೆ ಬಂದವು. ಬೆಂಗಳೂರು–ಹರಿಹರ ಹಾದಿ ಮಾತ್ರ 1930ರ ದಶಕದ ಕೊನೆಯವರೆಗೂ ಕಂಪನಿಯ ಬಳಿಯೇ ಉಳಿಯಿತು. ಈ ನಡುವೆ ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗಗಳಿಗೆ ಕವಲು ಹಾದಿಗಳು ಬಂದವು. ಮಧುಗಿರಿಗೆ ಬರಲಿಲ್ಲ.

1950ರಲ್ಲಿ ಮೈಸೂರು ರೈಲ್ವೆ ಕೇಂದ್ರಕ್ಕೆ ಸೇರಿ, 1951ರಲ್ಲಿ ದಕ್ಷಿಣ ರೈಲ್ವೆ ಹುಟ್ಟಿದ ಮೇಲೆ ಸುಮಾರು ಐವತ್ತು ವರ್ಷ ಇಂಥ ಕರಾರುಗಳೇ ಬೇಕಿರಲಿಲ್ಲ. ಹಳಿ, ಬಂಡಿ, ಟಿಕೆಟ್ಟು ಎಲ್ಲ ಒಂದೇ ಮನೆಯದು. ಆ ಅವಧಿಯನ್ನು ಇಲ್ಲಿ ದಾಟಿ ಹೋಗುತ್ತೇನೆ.

ಕರಾರು ಮತ್ತೆ ಬಂದದ್ದು 2000ದ ಸುಮಾರಿಗೆ. ರಾಜ್ಯ ಮತ್ತು ರೈಲ್ವೆ ಸೇರಿ ಕೆ–ರೈಡ್ ಸಂಸ್ಥೆಯನ್ನು ಕಟ್ಟಿದವು. ಹಾಸನ–ಮಂಗಳೂರು ಹಳಿಯನ್ನು ಬ್ರಾಡ್‌ಗೇಜಿಗೆ ಬದಲಿಸಲು ಪ್ರತ್ಯೇಕ ಕಂಪನಿ ಹುಟ್ಟಿತು. ಅದೇ ಕಾಲಕ್ಕೆ ಖಾಸಗಿ ಸಹಭಾಗಿತ್ವದ ಯೋಜನೆಗಳನ್ನು ರೂಪಿಸಿಕೊಡಲು ಐಡೆಕ್ ಎಂಬ ಸಂಸ್ಥೆ ಬಂತು. ಅದರಲ್ಲಿ ರಾಜ್ಯ ಸರ್ಕಾರದ ಜೊತೆ ಹಣಕಾಸು ಸಂಸ್ಥೆಗಳೂ ಪಾಲುದಾರರು. ಸರ್ಕಾರಕ್ಕೆ ಸಂವಿಧಾನದ 165ನೆಯ ವಿಧಿಯಡಿ ಅಡ್ವೊಕೇಟ್ ಜನರಲ್ ಇದ್ದಾರೆ, ಕಾನೂನು ಇಲಾಖೆಯಿದೆ, ಜಿಲ್ಲೆಗೊಬ್ಬ ಸರ್ಕಾರಿ ವಕೀಲರಿದ್ದಾರೆ. ಇವರೆಲ್ಲ ಮುಖ್ಯವಾಗಿ ವ್ಯಾಜ್ಯದ ವಕೀಲರು. ಮೂವತ್ತು ವರ್ಷದ ಕರಾರಿನಲ್ಲಿ ಪ್ರಯಾಣಿಕರು ಕಡಿಮೆಯಾದರೆ ನಷ್ಟ ಯಾರದು, ಕಂಪನಿ ನಡುವೆ ಬಿಟ್ಟುಹೋದರೆ ಸಾಲ ಯಾರದು ಎಂದು ಬರೆಯುವುದು ಬೇರೆ ಕಸುಬು. ಹಾಗಾಗಿ ಹೊರಗಿನ ಸಲಹೆಗಾರರು ಬೇಕಾದರು.

ಅವರ ಖರ್ಚಿಗೆ ಕೇಂದ್ರ ಸರ್ಕಾರ 2007–08ರಲ್ಲಿ 100 ಕೋಟಿ ರೂಪಾಯಿಯ ನಿಧಿಯೊಂದನ್ನು ತೆರೆದು, ಯೋಜನೆ ರೂಪಿಸುವ ವೆಚ್ಚದ ಶೇ 75ರವರೆಗೆ ಕೊಡಲು ಒಪ್ಪಿತು. ಸಿದ್ಧ ಮಾದರಿ ಬಳಸದ ಕರಾರಿನ ಷರತ್ತುಗಳನ್ನು ಬರೆಯುವಾಗ ಕಾನೂನು ಮತ್ತು ಹಣಕಾಸು ಸಲಹೆ ಎರಡನ್ನೂ ಪಡೆಯಬೇಕು ಎಂದು ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು ಹೇಳುತ್ತವೆ. ರಾಜ್ಯದಲ್ಲಿ 1999ರ ಪಾರದರ್ಶಕತೆ ಕಾಯ್ದೆ ಟೆಂಡರ್ ಕಡ್ಡಾಯ ಮಾಡುತ್ತದೆ. ಅದರದೇ 4(ಜಿ) ಕಲಮು ವಿನಾಯಿತಿಯ ಬಾಗಿಲನ್ನೂ ತೆರೆದಿಟ್ಟಿದೆ. ಸಲಹೆಗಾರರ ಫೀಸು ಹೆಚ್ಚಾಗಿ ಯೋಜನಾ ವೆಚ್ಚದೊಳಗೆ ಸಾಸಿವೆಯ ಹಾಗೆ ಬೆರೆತುಹೋಗುತ್ತದೆ. ಜಗಳದ ವಕೀಲರ ಖರ್ಚು ಹಾಗಲ್ಲ. ಕಾವೇರಿ, ಕೃಷ್ಣಾ, ಮಹದಾಯಿ ವ್ಯಾಜ್ಯಗಳಲ್ಲಿ ಕರ್ನಾಟಕ ವಕೀಲರಿಗೆ ಸುಮಾರು 122 ಕೋಟಿ ರೂಪಾಯಿ ಕೊಟ್ಟಿದೆ ಎಂದು ಮಾಹಿತಿ ಹಕ್ಕಿನಡಿ ಹೊರಬಂದಾಗ ಅದು ಪತ್ರಿಕೆಗಳ ತಲೆಬರಹವಾಯಿತು. ಕರಾರು ಬರೆಸಿದ ಖರ್ಚು ಇಂಥ ತಲೆಬರಹ ಆಗುವುದು ಅಪರೂಪ.

ಬ್ರಿಟನ್ನಿನಲ್ಲಿ ಆಯಿತು. 1993ರ ರೈಲ್ವೆ ಕಾಯ್ದೆಯ ಬಳಿಕ ಅಲ್ಲಿ ಪ್ರಯಾಣಿಕ ರೈಲುಗಳನ್ನು ಫ್ರಾಂಚೈಸಿಯಾಗಿ ಹಂಚಲಾಗಿತ್ತು. 2012ರ ಆಗಸ್ಟಿನಲ್ಲಿ ವೆಸ್ಟ್ ಕೋಸ್ಟ್ ಹಾದಿಯನ್ನು ಫಸ್ಟ್ ಗ್ರೂಪಿಗೆ ಕೊಡುವ ತೀರ್ಮಾನವಾಯಿತು. ಅಲ್ಲಿಯವರೆಗೆ ಆ ಹಾದಿ ನಡೆಸುತ್ತಿದ್ದ ವರ್ಜಿನ್ ಕಂಪನಿ ಕೋರ್ಟಿಗೆ ಹೋಯಿತು. ಸಾರಿಗೆ ಇಲಾಖೆಯ ಲೆಕ್ಕದಲ್ಲಿ ಹಣದುಬ್ಬರದ ತಪ್ಪು ಸೇರಿಕೊಂಡಿದ್ದು ಬಯಲಾಗಿ ಅಕ್ಟೋಬರಿನಲ್ಲಿ ಇಡೀ ಟೆಂಡರ್ ರದ್ದಾಯಿತು. ತನಿಖೆ ಮಾಡಿದ ಲೇಯ್ಡ್‌ಲಾ ವರದಿ ಹೇಳಿದ ಸಂಗತಿ ಕುತೂಹಲದ್ದು: ಇಲಾಖೆ ಹೊರಗಿನ ಕಾನೂನು ಸಲಹೆಗಾರರನ್ನೂ ತಾಂತ್ರಿಕ ಸಲಹೆಗಾರರನ್ನೂ ನೇಮಿಸಿತ್ತು, ಹಣಕಾಸು ಸಲಹೆಗಾರರನ್ನು ನೇಮಿಸಿರಲಿಲ್ಲ. ಸಲಹೆಯ ಖರ್ಚು ತಗ್ಗಿಸಬೇಕೆಂಬ ಒತ್ತಡದ ಕಾಲ ಅದು. ತೆರಿಗೆದಾರರಿಗೆ ಬಿದ್ದ ಹೊರೆ ಕನಿಷ್ಠ 5 ಕೋಟಿ ಪೌಂಡ್ ಎಂದು ಸಂಸತ್ತಿನ ಸಾರ್ವಜನಿಕ ಲೆಕ್ಕ ಸಮಿತಿ ಅಂದಾಜಿಸಿತು.

ನಮ್ಮಲ್ಲಿನ ದೊಡ್ಡ ಪಾಠ ದೆಹಲಿ ವಿಮಾನ ನಿಲ್ದಾಣ ಮೆಟ್ರೊ. 2008ರಲ್ಲಿ ದೆಹಲಿ ಮೆಟ್ರೊ ನಿಗಮದೊಡನೆ 30 ವರ್ಷಕ್ಕೆ ಬರೆದ ಕರಾರನ್ನು ಖಾಸಗಿ ಕಂಪನಿ 2012ರಲ್ಲೇ ಮುರಿಯಿತು. ನೋಟಿಸು ಕೊಟ್ಟ 90 ದಿನಗಳೊಳಗೆ ದೋಷ ಸರಿಪಡಿಸಬೇಕು, ಇಲ್ಲವೇ ಪರಿಣಾಮಕಾರಿ ಕ್ರಮ ಕೈಗೊಂಡಿರಬೇಕು ಎಂಬ ಷರತ್ತಿನ ಅರ್ಥವೇನು ಎಂಬುದರ ಸುತ್ತ ಜಗಳ. 2017ರಲ್ಲಿ ಮಧ್ಯಸ್ಥಗಾರರು ನಿಗಮ ಕಂಪನಿಗೆ ಸುಮಾರು 2,782 ಕೋಟಿ ಕೊಡಬೇಕು ಎಂದರು. 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಡ್ಡಿ ಸೇರಿ ಮೊತ್ತ 8,000 ಕೋಟಿಯ ಸಮೀಪ ಬೆಳೆದ ಮೇಲೆ, 2024ರ ಏಪ್ರಿಲಿನಲ್ಲಿ ಅದೇ ಕೋರ್ಟ್ ಕ್ಯುರೇಟಿವ್ ಅರ್ಜಿಯಲ್ಲಿ ತೀರ್ಪನ್ನು ತಿರುಗಿಸಿತು. ಒಂದೇ ವಾಕ್ಯವನ್ನು ದೇಶದ ಅತ್ಯುನ್ನತ ನ್ಯಾಯಾಲಯ ಎರಡು ಬಗೆಯಲ್ಲಿ ಓದಿತು ಎಂದರೆ, ಬರೆದಾಗ ಅದನ್ನು ಇನ್ನೊಮ್ಮೆ ಓದಿಸುವ ಖರ್ಚು ಎಷ್ಟಾದರೂ ಅಗ್ಗವಾಗುತ್ತಿತ್ತು.

2020ರ ಜುಲೈಯಲ್ಲಿ ಭಾರತೀಯ ರೈಲ್ವೆ 12 ಗುಂಪುಗಳಲ್ಲಿ 151 ಖಾಸಗಿ ರೈಲುಗಳನ್ನು 35 ವರ್ಷದ ಕರಾರಿಗೆ ಬಿಡಲು ಹೊರಟಿತು. ಬೆಂಗಳೂರಿನದೂ ಒಂದು ಗುಂಪು. ಆರಂಭದಲ್ಲಿ ಹದಿನೈದು ಕಂಪನಿಗಳು ಮುಂದೆ ಬಂದರೂ, ಹಣದ ಬಿಡ್ ಹಾಕಿದವರು ಇಬ್ಬರೇ. ಅದರಲ್ಲೊಂದು ರೈಲ್ವೆಯದೇ ಐಆರ್‌ಸಿಟಿಸಿ. ಯೋಜನೆ ಅಲ್ಲಿಗೇ ನಿಂತಿತು.

ಮಧುಗಿರಿ ಸೀಮೆಗೆ ಇಂಥ ಕರಾರುಗಳ ಪರಿಚಯ ರೈಲಿಗಿಂತ ಮೊದಲು ಬೇರೆ ದಾರಿಯಲ್ಲಿ ಆಯಿತು. ಶಿರಾ ಮೂಲಕ ಹೋಗುವ ತುಮಕೂರು–ಚಿತ್ರದುರ್ಗ ಹೆದ್ದಾರಿಯ ಸುಮಾರು 114 ಕಿ.ಮೀ. 2010ರಲ್ಲಿ ಐಆರ್‌ಬಿ ಕಂಪನಿಗೆ 26 ವರ್ಷಕ್ಕೆ ಹೋಯಿತು. ಕಂಪನಿ ಮೊದಲ ವರ್ಷ ಸುಮಾರು 140 ಕೋಟಿ ಪ್ರೀಮಿಯಂ ಕೊಟ್ಟು, ಅದನ್ನು ವರ್ಷವರ್ಷ ಏರಿಸಬೇಕಿತ್ತು. 2014ರಲ್ಲಿ ಇಂಥ ಪ್ರೀಮಿಯಂಗಳನ್ನು ಮುಂದೂಡಲು ಕೇಂದ್ರ ಅವಕಾಶ ಕೊಟ್ಟಾಗ ಈ ರಸ್ತೆಗೂ ಅದು ಸಿಕ್ಕಿತು. ಕರೆಜೀವನಹಳ್ಳಿ ಟೋಲಿನಲ್ಲಿ ಶುಲ್ಕ ತೆರುವ ಶಿರಾದ ಲಾರಿ ಮಾಲೀಕರಿಗೆ ಅಂಥ ಮುಂದೂಡಿಕೆ ಇಲ್ಲ. ಪಾವಗಡದಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯನ್ನು ಸೌರ ಪಾರ್ಕಿಗೆ ರೈತರಿಂದ ಗೇಣಿಗೆ ಪಡೆಯಲಾಯಿತು: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ, 28 ವರ್ಷದ ಅವಧಿ. ಸರ್ಕಾರಿ ಕಂಪನಿಯ ಕಡೆ ಕರಡು ಬರೆಯುವವರಿದ್ದರು. ರೈತರ ಕಡೆ ಸಹಿ ಹಾಕುವವರಿದ್ದರು. ಭೂಮಿಯ ಒಡೆತನ ಉಳಿಯಿತೆಂಬುದು ಈ ಕರಾರಿನ ಹೆಚ್ಚುಗಾರಿಕೆ. ಎರಡು ವರ್ಷಕ್ಕೆ ಶೇ 5ರ ಏರಿಕೆ ಬೆಲೆಯೇರಿಕೆಗಿಂತ ಹಿಂದೆ ಬೀಳುತ್ತದೆಂಬುದು ಅದರ ದೋಷ. 1886ರ ಪೌಂಡಿನ ಷರತ್ತಿನ ಹಾಗೆಯೇ, ನಷ್ಟ ಕಾಣಿಸಿಕೊಳ್ಳುವುದು ಸಹಿಯಾಗಿ ವರ್ಷಗಳು ಕಳೆದ ಬಳಿಕ.

ಕೊನೆಗೆ ರೈಲಿನ ಮಾತು. ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಪಾವಗಡ ಮೂಲಕ ರಾಯದುರ್ಗಕ್ಕೆ 207 ಕಿ.ಮೀ. ಹಾದಿ ಮಂಜೂರಾದದ್ದು 2007–08ರಲ್ಲಿ. ಶಿರಾ, ಚಿತ್ರದುರ್ಗ ಹಾದು ದಾವಣಗೆರೆಗೆ ಹೋಗುವ 191 ಕಿ.ಮೀ. ಹಾದಿ 2011–12ರಲ್ಲಿ. ಎರಡರಲ್ಲೂ ವೆಚ್ಚದ ಅರ್ಧ ಹೊರೆ ರಾಜ್ಯದ್ದೆಂಬ ಒಪ್ಪಂದ. ದಾವಣಗೆರೆ ಹಾದಿಗೆ ಭೂಮಿಯೂ ಉಚಿತ. 1881ರ ಪುಕ್ಕಟೆ ಭೂಮಿಯ ಷರತ್ತು ಹೊಸ ರೂಪದಲ್ಲಿ ಮರಳಿದೆ. ಈ ಬಾರಿ ಒತ್ತಾಯವಿಲ್ಲ, ರೈಲು ಬೇಕೆಂಬ ರಾಜ್ಯದ ಅವಸರವಿದೆ. ರಾಯದುರ್ಗದ ಕಡೆಯಿಂದ ಕಲ್ಯಾಣದುರ್ಗದವರೆಗೆ ಹಳಿ ಮೊದಲು ಬಂತು. 2024ರಲ್ಲಿ ತುಮಕೂರಿನ ಸಂಸದ ವಿ. ಸೋಮಣ್ಣ ರೈಲ್ವೆ ರಾಜ್ಯ ಸಚಿವರಾದ ಮೇಲೆ ಎರಡೂ ಕಾಮಗಾರಿಗಳಿಗೆ ವೇಗ ಬಂದಿದೆ.

ಇಲ್ಲಿ ಖಾಸಗಿ ಫ್ರಾಂಚೈಸಿ ಇಲ್ಲ, ಆದ್ದರಿಂದ ಕಾನೂನು ಸಲಹೆಯ ಖರ್ಚೂ ಇಲ್ಲ ಎಂದುಕೊಂಡರೆ ತಪ್ಪಾಗುತ್ತದೆ. ಅದು ಭೂಸ್ವಾಧೀನದೊಳಗೆ ಅಡಗಿದೆ. ತಾತನ ಹೆಸರಲ್ಲೇ ಉಳಿದ ಪಹಣಿ, ಆಗದ ಪೌತಿ ಖಾತೆ, ಪೋಡಿಯಾಗದ ಸರ್ವೆ ನಂಬರು, ಅಣ್ಣತಮ್ಮಂದಿರ ವಿಭಾಗದ ದಾವೆ, ಇವು ಈ ತಾಲ್ಲೂಕುಗಳ ಭೂಮಿಯ ನಿತ್ಯದ ಕಥೆ. 2013ರ ಭೂಸ್ವಾಧೀನ ಕಾಯ್ದೆಯಡಿ ಭೂಮಿಯ ಬೆಲೆಯ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ ಸೇರುತ್ತದೆ. ಪರಿಹಾರ ಸಾಲದೆಂದು ರೈತ ಪ್ರಾಧಿಕಾರದ ಮುಂದೆ ಹೋಗಿ ಗೆದ್ದರೆ, ಹೆಚ್ಚಿಸಿದ ಮೊತ್ತಕ್ಕೆ ಸ್ವಾಧೀನದ ದಿನದಿಂದ ಮೊದಲ ವರ್ಷ ಶೇ 9, ಆಮೇಲೆ ಶೇ 15 ಬಡ್ಡಿ. ಹೆಚ್ಚಾದದ್ದು ಒಂದು ಕೋಟಿ, ಹಣ ಸೇರಲು ಐದು ವರ್ಷ ಹಿಡಿಯಿತು ಎಂದಿಟ್ಟುಕೊಳ್ಳಿ: ಮೊದಲ ವರ್ಷ 9 ಲಕ್ಷ, ಉಳಿದ ನಾಲ್ಕು ವರ್ಷಕ್ಕೆ 60 ಲಕ್ಷ, ಒಟ್ಟು 69 ಲಕ್ಷ ಬಡ್ಡಿ. ರೈತನಿಗೆ ಅದು ನ್ಯಾಯವಾಗಿ ಬರಬೇಕಾದ ಹಣ. ಸರ್ಕಾರದ ಪಾಲಿಗೆ ಮೊದಲೇ ಸರಿಯಾದ ಬೆಲೆ ಕಟ್ಟದ ದಂಡ. ಮಧುಗಿರಿ ಉಪವಿಭಾಗದಲ್ಲಿ ಐತೀರ್ಪು ಬರೆಯುವ ಮುನ್ನ ದಾಖಲೆಗಳನ್ನು ಹಳ್ಳಿಹಳ್ಳಿಯಲ್ಲಿ ಸರಿಪಡಿಸಲು ಇಬ್ಬರು ಅನುಭವಿ ಕಂದಾಯ ವಕೀಲರನ್ನೂ ನಾಲ್ಕಾರು ಭೂಮಾಪಕರನ್ನೂ ವರ್ಷಗಟ್ಟಲೆ ಇಟ್ಟುಕೊಂಡರೂ, ಇಂಥ ಒಂದೆರಡು ಪ್ರಕರಣಗಳ ಬಡ್ಡಿಯಲ್ಲೇ ಅವರ ಸಂಭಾವನೆಯ ಬಹುಪಾಲು ಹುಟ್ಟುತ್ತದೆ. ಲೆಕ್ಕಪತ್ರದಲ್ಲಿ ಆ ಸಂಭಾವನೆ ಕಾನೂನು ಸಲಹೆಯ ಖರ್ಚೆಂದು ಕಾಣಿಸಿಕೊಂಡು ಆಕ್ಷೇಪಣೆಗೆ ಗುರಿಯಾಗುತ್ತದೆ. ಬಡ್ಡಿ ಮಾತ್ರ ಭೂಪರಿಹಾರದ ಜೊತೆ ಸೇರಿ ಯೋಜನಾ ವೆಚ್ಚವಾಗಿ ಅನುಮೋದನೆ ಪಡೆಯುತ್ತದೆ.