ಕಾದಂಬರಿಯಲ್ಲಿ ಉಳಿದ ಬೀದಿ

ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ಸ್ಟಾಕ್ಟನ್ ಎಂಬ ಊರಿದೆ. ಭೂಪಟವನ್ನು ಬಿಡಿಸಿ ಸ್ಯಾನ್‌ಫ್ರಾನ್ಸಿಸ್ಕೊ ನಗರದ ಮೇಲೆ ಬೆರಳಿಟ್ಟು, ಪೂರ್ವಕ್ಕೆ ತುಸು ಸರಿಸಿದರೆ ಅದು ನಿಮಗೆ ಸಿಕ್ಕುತ್ತದೆ. ಆ ಊರಿನಲ್ಲಿ ಎಲ್ ಡೊರಾಡೊ ಬೀದಿಯೂ ಲಫಯೆಟ್ ಬೀದಿಯೂ ಕೂಡುವ ಮೂಲೆಯ ಸುತ್ತಮುತ್ತ, 1920ರ ದಶಕದಿಂದ ಸುಮಾರು ನಲವತ್ತು ವರ್ಷಗಳ ಕಾಲ, ಫಿಲಿಪೀನ್ಸ್ ದ್ವೀಪಗಳ ಹೊರಗೆ ಬೇರೆಲ್ಲಿಯೂ ಕಾಣದಷ್ಟು ಫಿಲಿಪಿನೋ ಜನ ನೆಲೆಸಿದ್ದರು. ಆ ಕೇರಿಗೆ 'ಲಿಟ್ಲ್ ಮನಿಲಾ' ಎಂದು ಹೆಸರು. ಇಂದು ಅಲ್ಲಿಗೆ ಹೋದವರಿಗೆ ಮುಖ್ಯವಾಗಿ ಕಾಣುವುದು ಒಂದು ಹೆದ್ದಾರಿ. ಕೇರಿ ಹೋಯಿತು; ಆದರೆ ಆ ಕೇರಿಯನ್ನು ಹಾದುಹೋದ ಹುಡುಗನೊಬ್ಬನ ಕಥೆ ಪುಸ್ತಕವಾಗಿ ಉಳಿದುಕೊಂಡಿತು. ಕೇರಿಯೊಂದು ಅಳಿದಮೇಲೆ ಅದರ ನೆನಪನ್ನು ಒಂದು ಕಾದಂಬರಿಯ ಕೈಗೆ ಎಷ್ಟರ ಮಟ್ಟಿಗೆ ಒಪ್ಪಿಸಬಹುದು ಎಂಬುದನ್ನು ಓದುಗರೊಡನೆ ಕುಳಿತು ವಿಚಾರಿಸುವುದು ಈ ಲೇಖನದ ಉದ್ದೇಶ.

ಪುಸ್ತಕದ ಹೆಸರು 'ಅಮೆರಿಕ ಈಸ್ ಇನ್ ದಿ ಹಾರ್ಟ್'. ಅಮೆರಿಕವು ಹೃದಯದಲ್ಲಿದೆ ಎಂದು ಅದರ ಅರ್ಥ. ಬರೆದವನು ಕಾರ್ಲೋಸ್ ಬುಲೊಸಾನ್. ಪ್ರಕಟವಾದದ್ದು 1946ರಲ್ಲಿ. ಮುಖಪುಟದಲ್ಲಿ ಅದು 'ಸ್ವಂತ ಚರಿತ್ರೆ' ಎಂದು ಕರೆದುಕೊಂಡಿದೆ. ಆದರೆ ತನ್ನ ಬಂಧುಗಳ, ಗೆಳೆಯರ, ದಾರಿಯಲ್ಲಿ ಜೊತೆಯಾದ ಕೂಲಿಗಳ ಅನುಭವಗಳನ್ನೆಲ್ಲ ಲೇಖಕನು ಒಬ್ಬನೇ ಹುಡುಗನ ಮೈಮೇಲೆ ಹಾಕಿ ಬರೆದಿರುವುದರಿಂದ, ವಿದ್ವಾಂಸರು ಅದನ್ನು ಆತ್ಮಕಥೆಗಿಂತ ಹೆಚ್ಚಾಗಿ ಕಾದಂಬರಿಯೆಂದೇ ಎಣಿಸುತ್ತಾರೆ.

ಈ ಜನ ಅಷ್ಟು ದೂರ ಹೋದದ್ದಾದರೂ ಹೇಗೆ? 1898ರ ಪ್ಯಾರಿಸ್ ಒಪ್ಪಂದದಲ್ಲಿ ಸ್ಪೇನ್ ದೇಶವು ಎರಡು ಕೋಟಿ ಡಾಲರುಗಳಿಗೆ ಫಿಲಿಪೀನ್ಸ್ ದ್ವೀಪಗಳನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಂದಿನಿಂದ ಫಿಲಿಪಿನೋಗಳು ಅಮೆರಿಕದ ಪೌರರೂ ಅಲ್ಲ, ಪರದೇಶಿಗಳೂ ಅಲ್ಲ, ಅಮೆರಿಕದ ಬಾವುಟದ ಕೆಳಗಿನ ಜನ ಎಂಬ ವಿಚಿತ್ರ ಸ್ಥಿತಿಗೆ ಬಂದರು. ಇತ್ತ ಕ್ಯಾಲಿಫೋರ್ನಿಯಾದ ತೋಟಗಾರರಿಗೆ ಅಗ್ಗದ ಆಳುಗಳು ಬೇಕಿದ್ದರು. 1882ರಲ್ಲಿ ಚೀಣಿಯರಿಗೆ ಬಾಗಿಲು ಮುಚ್ಚಿತ್ತು. 1917ರ ಶಾಸನವು ಹಿಂದೂಸ್ಥಾನದವರನ್ನು ತಡೆಯಿತು, 1924ರದು ಜಪಾನಿನವರನ್ನು. ಬಾವುಟದ ಕೆಳಗಿದ್ದ ಫಿಲಿಪಿನೋ ಒಬ್ಬನನ್ನು ಮಾತ್ರ ತಡೆಯುವಂತಿರಲಿಲ್ಲ. ನಮ್ಮವರು ಬಿಟ್ಟ ಜಾಗಕ್ಕೂ ಅವನೇ ಬಂದನೆಂದು ಹೇಳಿದರೆ ತಪ್ಪಾಗಲಾರದು. ಪಂಜಾಬಿನ ರೈತರು ಅದೇ ಸ್ಟಾಕ್ಟನ್ ಊರಿನಲ್ಲಿ 1912ರಲ್ಲಿಯೇ ಗುರುದ್ವಾರವನ್ನು ಸ್ಥಾಪಿಸಿದ್ದರು. ಅದು ಇಂದಿಗೂ ಇದೆ. 1930ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ 30,000ಕ್ಕೂ ಮಿಕ್ಕಿ ಫಿಲಿಪಿನೋಗಳಿದ್ದರು. ಬಹುತೇಕ ಎಲ್ಲರೂ ಗಂಡಸರು, ಅದರಲ್ಲಿಯೂ ಮೀಸೆ ಚಿಗುರುತ್ತಿದ್ದ ಹುಡುಗರು.

ಬುಲೊಸಾನನೂ ಹಾಗೆ ಹೋದವನೇ. ಲೂಸಾನ್ ದ್ವೀಪದ ಪಾಂಗಸಿನಾನ್ ಪ್ರಾಂತದ ಬಿನಲೋನಾನ್ ಅವನ ಹುಟ್ಟೂರು. ಕಾದಂಬರಿಯ ಮೊದಲ ಭಾಗವೆಲ್ಲ ಅಲ್ಲಿಯದೇ. ಹುಡುಗನ ಹೆಸರು ಅಲ್ಲೋಸ್. ಅಣ್ಣ ಮಕಾರಿಯೋನ ವಿದ್ಯಾಭ್ಯಾಸಕ್ಕಾಗಿ ತಂದೆಯು ತುಂಡುತುಂಡಾಗಿ ಭೂಮಿಯನ್ನು ಕಳೆದುಕೊಳ್ಳುತ್ತಾನೆ. ತಾಯಿ ಉಪ್ಪುಮೀನನ್ನು ಹೊತ್ತು ಹಳ್ಳಿಹಳ್ಳಿ ತಿರುಗುತ್ತಾಳೆ. ಒಂದು ದಿನ ಸಂತೆಯಲ್ಲಿ ಸಿರಿವಂತರ ಹುಡುಗಿಯೊಬ್ಬಳು ಅಹಂಕಾರದಿಂದ ತಾಯಿಯ ಬುಟ್ಟಿಯನ್ನು ಕೆಡವುತ್ತಾಳೆ. ಕಾಳೆಲ್ಲ ನೆಲದ ಪಾಲು. ತಾಯಿ ಕೋಪಿಸಿಕೊಳ್ಳದೆ ಮೊಣಕಾಲೂರಿ ಒಂದೊಂದೇ ಕಾಳನ್ನು ಆರಿಸುತ್ತಾಳೆ, ಮಗ ನೋಡುತ್ತಾನೆ. ಇಡೀ ಪುಸ್ತಕದಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಈ ಪ್ರಸಂಗ. ಮುಂದೆ ಅಮೆರಿಕದಲ್ಲಿ ಹುಡುಗನು ತಿನ್ನುವ ಏಟುಗಳ ವರ್ಣನೆ ಇದಕ್ಕಿಂತ ಘೋರವಾಗಿದ್ದರೂ ಇಷ್ಟು ನಾಟುವುದಿಲ್ಲ.

1930ರ ಜುಲೈ ತಿಂಗಳಲ್ಲಿ ಬುಲೊಸಾನ್ ಸಿಯಾಟಲ್ ಬಂದರಿನಲ್ಲಿ ಇಳಿದನು. ಮತ್ತೆಂದೂ ಅವನು ತಾಯ್ನಾಡನ್ನು ಕಾಣಲಿಲ್ಲ. ಕಾದಂಬರಿಯ ಹುಡುಗನನ್ನು ಇಳಿದ ಕೆಲವೇ ದಿನಗಳಲ್ಲಿ ಅವನ ಜನರೇ ಐದು ಡಾಲರಿಗೆ ಅಲಾಸ್ಕದ ಮೀನು ಕಾರ್ಖಾನೆಯ ಗುತ್ತಿಗೆದಾರನಿಗೆ ಒಪ್ಪಿಸಿಬಿಡುತ್ತಾರೆ. ಅಲ್ಲಿಂದ ಹಣ್ಣಿನ ತೋಟಗಳು, ಗೂಡ್ಸ್ ಗಾಡಿಯ ಮೇಲಿನ ಪ್ರಯಾಣಗಳು, ಪೋಲೀಸರ ಲಾಠಿ, ರಾತ್ರಿಯ ಹೊತ್ತು ಕಾಡಿಗೆಳೆದು ಬಡಿಯುವ ಗುಂಪುಗಳು. ಓಡುವ ಗಾಡಿಯಿಂದ ಹಾರಿದ ಗೆಳೆಯ ಹೋಸೆ ಕಾಲು ಕಳೆದುಕೊಳ್ಳುತ್ತಾನೆ. ವರ್ಷಗಳ ಮೇಲೆ ಸಿಕ್ಕಿದ ಅಣ್ಣ ಅಮಾಡೊ ಒಡಹುಟ್ಟಿದವನ ಗುರುತು ಹಿಡಿಯದೆ ಚೂರಿ ಎತ್ತುತ್ತಾನೆ. ಊರಿನಲ್ಲಿ ಅಲ್ಲೋಸ್ ಆಗಿದ್ದವನು ಇಲ್ಲಿ ಕಾರ್ಲೋಸ್ ಆಗುತ್ತಾನೆ, ಬಿಳಿಯರ ಬಾಯಲ್ಲಿ ಕಾರ್ಲ್ ಆಗುತ್ತಾನೆ. ಹುಡುಗ ದೊಡ್ಡವನಾಗುವುದನ್ನು ಲೇಖಕನು ಹೆಸರಿನ ಈ ಮೂರು ರೂಪಗಳಿಂದಲೇ ತಿಳಿಸಿಬಿಡುತ್ತಾನೆ.

ಸ್ಟಾಕ್ಟನ್ನಿನ ಎಲ್ ಡೊರಾಡೊ ಬೀದಿ ಈ ಅಲೆದಾಟದ ನಡುವೆ ಬರುತ್ತದೆ. ಸುತ್ತಲಿನ ಮುಖಜಭೂಮಿಯಲ್ಲಿ ಆಸ್ಪರಾಗಸ್ ಎಂಬ ಬೆಳೆ. ನಮ್ಮ ಶತಾವರಿಯ ಜಾತಿಯದೇ ಸಸ್ಯ. ನೆಲದಿಂದ ಮೇಲೇಳುವ ಎಳೆಯ ಕುಡಿಯನ್ನು ಬಿರಿಯುವ ಮೊದಲೇ, ಬೆಳಗಿನ ಜಾವದಿಂದ ಬೆನ್ನು ಬಗ್ಗಿಸಿಕೊಂಡು, ಉದ್ದನೆಯ ಚೂರಿಯಿಂದ ಕತ್ತರಿಸಬೇಕು. ಅಲ್ಲಿಯ ಕರಿಯ ಮಣ್ಣಿನ ಧೂಳು ಮೈಗೆ ತಾಗಿದರೆ ತಡೆಯಲಾರದ ತುರಿಕೆ. ವಸಂತದಲ್ಲಿ ಈ ಕೊಯ್ಲು, ಬೇಸಗೆಯಲ್ಲಿ ಅಲಾಸ್ಕದ ಮೀನು, ಶರತ್ಕಾಲದಲ್ಲಿ ದ್ರಾಕ್ಷಿ. ಹೀಗೆ ಋತುಗಳ ಬೆನ್ನು ಹತ್ತಿ ಅಲೆಯುವವನಿಗೆ ಮನೆಯೆಲ್ಲಿ? ಎಲ್ ಡೊರಾಡೊ ಬೀದಿಯೇ ಮನೆ. ಎರಡು ಕೆಲಸಗಳ ನಡುವೆ ಅವನು ಬಂದು ನಿಲ್ಲುತ್ತಿದ್ದ ಜಗಲಿ ಅದು. ಇಸ್ತ್ರಿ ಮಾಡಿದ ಸೊಗಸಾದ ಸೂಟುಗಳನ್ನು ತೊಟ್ಟು ಕೂಲಿ ಹುಡುಗರು ಜೂಜುಕಟ್ಟೆಗಳ, ಬಿಲಿಯರ್ಡ್ಸ್ ಕೋಣೆಗಳ ಮುಂದೆ ಗುಂಪುಗಟ್ಟಿ ನಿಂತಿರುವುದನ್ನು ಬುಲೊಸಾನ್ ವರ್ಣಿಸುತ್ತಾನೆ. ಹತ್ತು ಸೆಂಟು ಕೊಟ್ಟರೆ ಬಿಳಿಯ ಹುಡುಗಿಯೊಬ್ಬಳು ಒಂದು ಹಾಡು ಮುಗಿಯುವವರೆಗೆ ಜೊತೆಯಲ್ಲಿ ಕುಣಿಯುವ ನರ್ತನಶಾಲೆಗಳೂ ಇದ್ದವು. ದಿನದ ಕೂಲಿಯೆಲ್ಲ ಒಂದು ರಾತ್ರಿಯಲ್ಲಿ ಕರಗುತ್ತಿತ್ತು.

ಆ ಸೂಟನ್ನು ನೋಡಿ ನಗಬೇಡಿ. ಊರಿನ ಮೇನ್ ಬೀದಿಯನ್ನು ದಾಟಿ ಉತ್ತರಕ್ಕೆ ಕಾಲಿಟ್ಟರೆ ಫಿಲಿಪಿನೋಗೆ ಏಟು ಬೀಳುವ ಭಯವಿತ್ತು. ಫಿಲಿಪಿನೋಗಳಿಗೆ ಸರ್ವಥಾ ಪ್ರವೇಶವಿಲ್ಲವೆಂದು ಹೋಟೆಲಿನ ಬಾಗಿಲಿನಲ್ಲಿ ಹಲಗೆ ಹಾಕಿದ್ದುಂಟು. 1930ರ ಜನವರಿಯಲ್ಲಿ ವಾಟ್ಸನ್‌ವಿಲ್ ಎಂಬ ಊರಿನಲ್ಲಿ, ನರ್ತನಶಾಲೆಯ ನೆಪದಿಂದ ಹೊತ್ತಿದ ಗಲಭೆ ಐದು ದಿನ ನಡೆದು, ಬಿಡಾರದಲ್ಲಿ ಅಡಗಿದ್ದ ಫರ್ಮಿನ್ ತೊಬೇರಾ ಎಂಬ 22 ವರ್ಷದ ಕೂಲಿಯು ಗುಂಡಿಗೆ ಬಲಿಯಾದನು. ಅದೇ ತಿಂಗಳ ಕೊನೆಯಲ್ಲಿ ಸ್ಟಾಕ್ಟನ್ನಿನಲ್ಲಿ ಫಿಲಿಪಿನೋ ಸಂಘವೊಂದರ ಕಟ್ಟಡಕ್ಕೆ ಬಾಂಬು ಹಾಕಿದರು. ಕಾನೂನೂ ಅದೇ ದಾರಿ ಹಿಡಿಯಿತು. 1933ರಲ್ಲಿ ನ್ಯಾಯಾಲಯವು, ಫಿಲಿಪಿನೋಗಳು ಮಂಗೋಲ ಜನಾಂಗದವರಲ್ಲವಾದ್ದರಿಂದ ಬಿಳಿಯರೊಡನೆ ಅವರ ವಿವಾಹಕ್ಕೆ ಅಡ್ಡಿಯಿಲ್ಲವೆಂದು ತೀರ್ಪು ಕೊಟ್ಟರೆ, ಶಾಸನಸಭೆಯು ಅದೇ ವರ್ಷ 'ಮಲಯ ಜನಾಂಗ' ಎಂಬ ಮಾತನ್ನು ಕಾನೂನಿಗೆ ಸೇರಿಸಿ ಆ ಕಂಡಿಯನ್ನೂ ಮುಚ್ಚಿತು. 1934ರ ಶಾಸನವು ಫಿಲಿಪೀನ್ಸಿಗೆ ಹತ್ತು ವರ್ಷಗಳ ತರುವಾಯ ಸ್ವಾತಂತ್ರ್ಯವನ್ನು ವಾಗ್ದಾನ ಮಾಡುತ್ತಲೇ, ಅಲ್ಲಿಂದ ವರ್ಷಕ್ಕೆ 50 ಜನ ಮಾತ್ರ ಬರಬಹುದೆಂದು ವಿಧಿಸಿತು. ಮರುವರ್ಷ, ಹಿಂದಿರುಗಿ ಹೋಗುವವರಿಗೆ ಸರಕಾರವೇ ಹಡಗಿನ ಖರ್ಚು ಕೊಡುವುದೆಂದಾಗ ಎದ್ದು ಹೋದವರು 2,200ಕ್ಕೂ ಕಡಮೆ. ಉಳಿದವರು ಮದುವೆಯಿಲ್ಲದೆ, ಭೂಮಿಯಿಲ್ಲದೆ ಬಾಡಿಗೆ ಕೋಣೆಗಳಲ್ಲಿ ಮುದುಕರಾದರು. ಅವರನ್ನು ಮುಂದಿನ ತಲೆಮಾರು 'ಮನೋಂಗ್' ಎಂದು ಕರೆಯಿತು. ಇಲೋಕಾನೋ ಭಾಷೆಯಲ್ಲಿ ಅದಕ್ಕೆ ಅಣ್ಣ ಎಂದರ್ಥ.

1936ರಿಂದ ಎರಡು ವರ್ಷ ಬುಲೊಸಾನ್ ಕ್ಷಯರೋಗದಿಂದ ಲಾಸ್ ಏಂಜಲ್ಸಿನ ಆಸ್ಪತ್ರೆಯಲ್ಲಿ ಮಲಗಿದ್ದನು. ಶಸ್ತ್ರಚಿಕಿತ್ಸೆಗಳ ನಡುವೆ ಓದಿದ್ದೇ ಓದಿದ್ದು. ಅವನ ಕಾಲೇಜು ಅದೇ ಎನ್ನಬೇಕು. 1943ರಲ್ಲಿ ಅವನ ಪ್ರಬಂಧವೊಂದು 'ಸ್ಯಾಟರ್ಡೇ ಈವನಿಂಗ್ ಪೋಸ್ಟ್' ಪತ್ರಿಕೆಯಲ್ಲಿ ಪ್ರಸಿದ್ಧ ಚಿತ್ರಕಾರ ನಾರ್ಮನ್ ರಾಕ್‌ವೆಲ್ಲನ ಚಿತ್ರದ ಜೊತೆಗೆ ಬಂದು ದೇಶವೆಲ್ಲ ಓದಿತು. ಕಾದಂಬರಿ ಹೊರಬಂದ 1946ರಲ್ಲಿಯೇ, ಜುಲೈ 2ರಂದು, ಅಮೆರಿಕದ ಅಧ್ಯಕ್ಷರು ಒಂದು ಶಾಸನಕ್ಕೆ ರುಜು ಹಾಕಿದರು. ಹಿಂದೂಸ್ಥಾನದವರಿಗೂ ಫಿಲಿಪಿನೋಗಳಿಗೂ ಪೌರತ್ವ ಪಡೆಯುವ ಹಕ್ಕನ್ನು ಒಂದೇ ಕಾಗದದಲ್ಲಿ ಕೊಟ್ಟ ಶಾಸನ ಅದು. ತಲಾ 100 ಜನಕ್ಕೆ ವರ್ಷವರ್ಷ ಪ್ರವೇಶ. ಎರಡು ದಿನ ಕಳೆದು ಫಿಲಿಪೀನ್ಸ್ ಸ್ವತಂತ್ರವಾಯಿತು. ಆದರೆ ಬುಲೊಸಾನ್ ಅಮೆರಿಕದ ಪೌರನಾಗಲೇ ಇಲ್ಲ. ಕೊನೆಯ ವರ್ಷಗಳಲ್ಲಿ ಸಿಯಾಟಲ್ಲಿನ ಮೀನು ಕಾರ್ಮಿಕರ ಸಂಘದ ಕೆಲಸ ಮಾಡಿಕೊಂಡಿದ್ದು, 1956ರಲ್ಲಿ ಬಡವನಾಗಿಯೇ ತೀರಿಕೊಂಡನು. ಪುಸ್ತಕವೂ ಅಂಗಡಿಗಳಿಂದ ಮರೆಯಾಯಿತು.

ಅತ್ತ ಕೇರಿ ಬದಲಾಗುತ್ತಿತ್ತು. ಯುದ್ಧಾನಂತರ ಹೆಂಡಿರು ಮಕ್ಕಳು ಬಂದರು. ಸೂಟಿನ ಹುಡುಗರು ತಲೆ ನರೆತವರಾದರು. 1965ರ ಸೆಪ್ಟೆಂಬರಿನಲ್ಲಿ ಡೆಲನೊ ಎಂಬಲ್ಲಿ ದ್ರಾಕ್ಷಿ ತೋಟದ ಪ್ರಸಿದ್ಧ ಮುಷ್ಕರವನ್ನು ಮೊದಲು ಹೂಡಿದವರು ಈ ಮುದುಕರೇ. ಅವರ ಮುಂದಾಳು ಲ್ಯಾರಿ ಇಟ್ಲಿಯಾಂಗ್ ಸ್ಟಾಕ್ಟನ್ನಿನ ಬೀದಿಗಳಲ್ಲಿ ಪಳಗಿದವನು. ಮೆಕ್ಸಿಕನ್ ಕೂಲಿಗಳು ಕೂಡಿಕೊಂಡದ್ದು ಒಂದು ವಾರದ ಮೇಲೆ. ಕೀರ್ತಿ ಮಾತ್ರ ಬಹುಪಾಲು ತಡವಾಗಿ ಬಂದವರಿಗೇ ಸಂದಿತು. ಅಷ್ಟರಲ್ಲಿ ಊರ ಮಧ್ಯದಲ್ಲಿ ಹೆದ್ದಾರಿ ಹಾಯಿಸುವ ಯೋಜನೆ ಬಂದಿತು. ಹೆದ್ದಾರಿಗೆ ಯಾವ ಕೇರಿಯನ್ನು ಕೆಡವಬೇಕು ಎಂಬ ಪ್ರಶ್ನೆಗೆ ಎಲ್ಲ ದೇಶಗಳ ನಗರಸಭೆಗಳೂ ಕೊಡುವ ಉತ್ತರವನ್ನೇ ಸ್ಟಾಕ್ಟನ್ ಕೊಟ್ಟಿತು. 1960ರ ದಶಕದ ಕೊನೆಯಿಂದ ಕೆಲವೇ ವರ್ಷಗಳಲ್ಲಿ ಮುದುಕರ ವಸತಿಗೃಹಗಳು, ಕ್ಷೌರದಂಗಡಿಗಳು, ಊಟದ ಮನೆಗಳು ನೆಲಸಮವಾದವು. 1973ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯವು ಬುಲೊಸಾನನ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿತು. ಬೀದಿ ಹೋಗುತ್ತಿದ್ದ ಹೊತ್ತಿಗೆ ಸರಿಯಾಗಿ ಬೀದಿಯ ಕಥೆ ಹಿಂದಿರುಗಿ ಬಂದಿತು! ಕಾಲೇಜು ಸೇರಿದ್ದ ಫಿಲಿಪಿನೋ ಮಕ್ಕಳು ತಮ್ಮ ತಂದೆಯರು ಎಂದೂ ಬಾಯಿಬಿಟ್ಟು ಹೇಳದಿದ್ದುದನ್ನು ಅದರಲ್ಲಿ ಓದಿದರು.

ಆದರೆ ಇಲ್ಲಿಯೇ ನನಗೊಂದು ತಕರಾರಿದೆ. ಕಾದಂಬರಿಯನ್ನು ಮುಚ್ಚಿ, ಎಲ್ ಡೊರಾಡೊ ಬೀದಿಯನ್ನು ಕಣ್ಣಮುಂದೆ ತಂದುಕೊಂಡು ನೋಡಿ. ಏನು ಕಾಣುತ್ತದೆ? ಜೂಜು, ಚೂರಿ, ಮದ್ಯ, ಬಾಡಿಗೆಯ ನರ್ತನ. ಎಲ್ಲವೂ ರಾತ್ರಿಯ ದೃಶ್ಯ. ಹಗಲು ಹೊತ್ತಿನಲ್ಲಿ ಆ ಬೀದಿ ಹೇಗಿತ್ತು ಎಂಬುದು ನಿಮಗೆ ತಿಳಿಯುವುದಿಲ್ಲ. ಇದು ಸುಳ್ಳೆಂದು ನಾನು ಹೇಳುತ್ತಿಲ್ಲ. ಆ ಹುಡುಗ ಕಂಡದ್ದು ಅಷ್ಟೇ, ಮತ್ತು ಅವನ ಕೋಪಕ್ಕೆ ಬೇಕಾಗಿದ್ದುದೂ ಅಷ್ಟೇ.

ಹಗಲನ್ನು ಹುಡುಕಿ ತಂದವಳು ಸ್ಟಾಕ್ಟನ್ನಿನಲ್ಲಿಯೇ ಹುಟ್ಟಿದ ಚರಿತ್ರಕಾರಳಾದ ಡಾನ್ ಮಬಲಾನ್. ಆಕೆಯ ತಾತನು ಲಫಯೆಟ್ ಬೀದಿಯಲ್ಲಿ ಸಣ್ಣ ಊಟದ ಮನೆಯನ್ನು ನಡೆಸುತ್ತಿದ್ದನು. ವಿಳಾಸವೇ ಇಲ್ಲದ ಕೂಲಿಗಳು ಅದನ್ನೇ ತಮ್ಮ ವಿಳಾಸವೆಂದು ಬರೆಸುತ್ತಿದ್ದರು. ಊರಿನಿಂದ ಬಂದ ಕಾಗದಗಳು ಅವರು ಮರಳುವವರೆಗೆ ಅಲ್ಲಿ ಕಾದಿರುತ್ತಿದ್ದವು. ಬುಲೊಸಾನನ ಪುಸ್ತಕದ ಹೆಸರನ್ನೇ ಬದಲಿಸಿಕೊಂಡು, ಲಿಟ್ಲ್ ಮನಿಲಾ ಹೃದಯದಲ್ಲಿದೆ ಎಂಬರ್ಥದ ಶೀರ್ಷಿಕೆಯಿಂದ ಆಕೆ 2013ರಲ್ಲಿ ಆ ಕೇರಿಯ ಚರಿತ್ರೆಯನ್ನು ಪ್ರಕಟಿಸಿದಳು. ಚರ್ಚುಗಳು, ಸಂಘಗಳು, ಮದುವೆಗಳು, ಅಂಗಡಿಯ ಲೆಕ್ಕ ನೋಡುತ್ತಿದ್ದ ಹೆಂಗಸರು ಎಲ್ಲ ಅದರಲ್ಲಿದ್ದಾರೆ. ಕೆಡವದೆ ಉಳಿದಿದ್ದ ಕೆಲವೇ ಕಟ್ಟಡಗಳನ್ನು ಕಾಪಾಡಲು ಆಕೆಯೂ ಗೆಳೆಯರೂ ನಡೆಸಿದ ಹೋರಾಟದ ಫಲವಾಗಿ, 2003ರಲ್ಲಿ ಅಮೆರಿಕದಲ್ಲಿ ಅಳಿವಿನಂಚಿನಲ್ಲಿರುವ ಚಾರಿತ್ರಿಕ ಸ್ಥಳಗಳ ಪಟ್ಟಿಗೆ ಈ ಕೇರಿಯೂ ಸೇರಿತು. 2018ರಲ್ಲಿ ಆಕೆ ಅಕಾಲದಲ್ಲಿ ತೀರಿಕೊಂಡಳು.

ಇದೇ 2003ರಲ್ಲಿ ಇನ್ನೊಂದು ಪುಸ್ತಕವೂ ಬಂದಿತು: ಏಂಜೆಲಿಸ್ ಮೊನ್ರಾಯೊ ಎಂಬಾಕೆಯ ದಿನಚರಿ. ಹವಾಯಿಯಲ್ಲಿ 1924ರಲ್ಲಿ, ಹನ್ನೊಂದು ವರ್ಷದ ಹುಡುಗಿಯಾಗಿದ್ದಾಗ, ಬರೆಯಲು ತೊಡಗಿ, ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಬಂದು 1928ರವರೆಗೆ ಬರೆದದ್ದು. ಬುಲೊಸಾನನ ಕಲೆಗಾರಿಕೆ ಅದರಲ್ಲಿಲ್ಲ. ಒಂದು ಹುಡುಗಿ ದೊಡ್ಡವಳಾದ ದಿನಗಳು ಇವೆ. ಕಾದಂಬರಿಯನ್ನು ಓದಿದವರು ಇದನ್ನೂ ಜೊತೆಗಿಟ್ಟುಕೊಂಡು ಓದಬೇಕೆಂದು ನನ್ನ ಸಲಹೆ.

ಕೊನೆಯದಾಗಿ ಪೆಟ್ಟಿಗೆಗಳ ಸಂಗತಿ. ಈ ಶತಮಾನದ ಆರಂಭದಲ್ಲಿ ಸ್ಟಾಕ್ಟನ್ನಿನ ಫಿಲಿಪಿನೋ ಸಂಘವೊಂದರ ಹಳೆಯ ಮನೆಯ ನೆಲಮಾಳಿಗೆಯಲ್ಲಿ, ಹಡಗಿನ ಪ್ರಯಾಣಕ್ಕೆ ಬಳಸುವ ಇಪ್ಪತ್ತಕ್ಕೂ ಹೆಚ್ಚು ಟ್ರಂಕುಗಳು ಸಿಕ್ಕಿದವು. ಕೆಲಸಕ್ಕೆ ಹೊರಡುವಾಗ ಮನೋಂಗ್‌ಗಳು ಬಂದಮೇಲೆ ತೆಗೆದುಕೊಳ್ಳುತ್ತೇವೆಂದು ಇಟ್ಟುಹೋಗಿದ್ದವು; ಕೇಳಲು ಯಾರೂ ಬರಲಿಲ್ಲ. ಅವುಗಳಲ್ಲಿ ಕೆಲವನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯವು ಪ್ರದರ್ಶನಕ್ಕೆ ಇಟ್ಟಿತು. ಒಳಗೆ ಇದ್ದದ್ದು ಕಾಗದಗಳು, ಭಾವಚಿತ್ರಗಳು, ಕೆಲಸದ ಸಾಮಾನು, ಮತ್ತು ಎಲ್ ಡೊರಾಡೊ ಬೀದಿಯ ಸಂಜೆಗಳಿಗೆಂದು ಮಡಿಸಿಟ್ಟ ಸೂಟುಗಳು.