ರೋಲರಿಗೆ ಮಳೆಗಾಲದ ರಜೆ

ನಮ್ಮೂರಿನ ಹುಡುಗರಿಗೆ ಮಳೆಗಾಲ ಬಂತು ಅಂತ ಗೊತ್ತಾಗ್ತಿದ್ದದ್ದು ರೋಡ್ ರೋಲರ್ ನಿಂತಾಗ. ಕೊಪ್ಪ ತಾಲೂಕಿನ ನಮ್ಮೂರ ತಿರುವಿನಲ್ಲಿ ಒಂದು ಹಲಸಿನ ಮರ. ಮೇ ಕೊನೆಗೆ ರೋಲರನ್ನು ಅದರ ಕೆಳಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಇಂಜಿನ್ ಮೇಲೆ ಟಾರ್ಪಾಲು ಕಟ್ಟಿ ಡ್ರೈವರ್ ಹೊರಟುಬಿಡ್ತಿದ್ದ. ದೀಪಾವಳಿವರೆಗೆ ಅದು ನಮ್ಮದು. ಹತ್ತಿ ಕೂತು ಸ್ಟೇರಿಂಗ್ ತಿರುಗಿಸಿದ್ದೇ ತಿರುಗಿಸಿದ್ದು.

ಕಾರಣ ಸರಳ. ಒದ್ದೆ ಜಲ್ಲಿಗೆ ಡಾಂಬರು ಹಿಡಿಯೋದಿಲ್ಲ. ಹಾಗಾಗಿ ಮಲೆನಾಡಿನಲ್ಲಿ ಮಳೆ ಹಿಡಿದರೆ ಟಾರು ಕೆಲಸ ಬಂದ್. ಟಿಪ್ಪರ್‌ಗಳು ಬೇರೆ ಬಾಡಿಗೆ ಹುಡುಕಿಕೊಳ್ಳುತ್ತವೆ. ಈಗಿನ ಜೆಸಿಬಿಗಳಿಗಂತೂ ಮಳೆಗಾಲವೇ ಸುಗ್ಗಿ, ಧರೆ ಕುಸಿದಲ್ಲೆಲ್ಲ ಮಣ್ಣು ತೆಗೀಬೇಕು. ಇಲಾಖೆಯ ಗ್ಯಾಂಗ್‌ಮನ್‌ಗಳು ಕೊಪ್ಪೆ ಹಾಕ್ಕೊಂಡು ಚರಂಡಿ ಬಿಡಿಸುತ್ತಾರೆ. ರೋಲರಿಗೆ ಮಾತ್ರ, ಪಾಪ, ಬೇರೆ ಕಸುಬು ಗೊತ್ತಿಲ್ಲ.

ಅದರ ಪೂರ್ವಜರಿಗೆ ಗೊತ್ತಿತ್ತು! ಇಂಗ್ಲೆಂಡಿನ ಥಾಮಸ್ ಅವೆಲಿಂಗ್ ಮೂಲತಃ ಕೃಷಿಕ. ಆಗ ಹೊಲದ ಉಗಿಯಂತ್ರವನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಕುದುರೆಗಳು ಎಳೆಯಬೇಕಿತ್ತು. 1859ರಲ್ಲಿ ಅವನು ಆ ಯಂತ್ರ ತಾನೇ ಓಡುವಂತೆ ಮಾಡಿದ. 1860ರ ದಶಕದಲ್ಲಿ ಅದೇ ಕೈ ಉಗಿ ರೋಲರ್ ಕಟ್ಟಿತು. ಮುಂದೆ ಉರುಳೆ ಬಿಚ್ಚಿ ಚಕ್ರ ಹಾಕಿಕೊಳ್ಳಬಹುದಾದ ಮಾದರಿಗಳೂ ಬಂದವು. ರಸ್ತೆ ಕೆಲಸ ಇದ್ದಾಗ ಉರುಳೆ, ಇಲ್ಲದಾಗ ಚಕ್ರ ಹಾಕಿ ಕಾಳು ಒಕ್ಕುವ ಯಂತ್ರ ತಿರುಗಿಸೋದು. ಒಟ್ಟಿನಲ್ಲಿ ರೋಲರ್ ಹುಟ್ಟಿದ್ದೇ ಹೊಲದಲ್ಲಿ.

ರೋಲರಿನ ಹಿಂದೆ ನಡೆಯುವ ಜನರೂ ಹೊಲದವರೇ. ನಮ್ಮೂರಿಗೆ ಬರ್ತಿದ್ದವರು ಲಿಂಗಸುಗೂರು ಕಡೆಯವರು. ಕಾಲಿಗೆ ಗೋಣಿತಾಟು ಸುತ್ತಿಕೊಂಡು ಕಾದ ಡಾಂಬರು ಹೊರುತ್ತಿದ್ದರು. 'ಓದದಿದ್ರೆ ಟಾರು ಹಾಕೋಕೆ ಕಳಿಸ್ತೀನಿ ನೋಡು' ಅನ್ನೋದು ನಮ್ಮಮ್ಮನ ಖಾಯಂ ಬೆದರಿಕೆ. ಮಳೆ ಬಂದರೆ ಅವರು ಕೆಲಸ ಕಳಕೊಂಡು ಹೋಗ್ತಾರೆ ಅಂತ ನಾವು ಅಂದುಕೊಂಡಿದ್ವಿ. ಅವರ ಲೆಕ್ಕ ಉಲ್ಟಾ. ಮುಂಗಾರಿಗೆ ಸಜ್ಜೆ, ತೊಗರಿ, ಹಿಂಗಾರಿಗೆ ಬಿಳಿಜೋಳ. ಅದೇ ಅವರ ಕಸುಬು. ಹೊಲಕ್ಕೆ ನೀರಿಲ್ಲದ ತಿಂಗಳುಗಳನ್ನು ತುಂಬೋಕೆ ನಮ್ಮ ರಸ್ತೆ.

ಈ ಉಲ್ಟಾ ಲೆಕ್ಕಕ್ಕೆ ಹಳೆಯ ಚರಿತ್ರೆಯಿದೆ. ರಸ್ತೆ ಇಲ್ಲದ ಕಾಲದಲ್ಲಿ ದಖ್ಖನಿನ ಉಪ್ಪು, ದವಸ ಹೊರುತ್ತಿದ್ದವರು ಲಂಬಾಣಿಗಳು. 1791-92ರಲ್ಲಿ ಟಿಪ್ಪುವಿನ ಮೇಲೆ ಬಂದ ಕಾರ್ನ್‌ವಾಲಿಸ್‌ನ ಸೈನ್ಯ ಉಂಡದ್ದೂ ಇವರ ಎತ್ತುಗಳು ಹೊತ್ತ ಧಾನ್ಯವನ್ನೇ. ಎರೆಮಣ್ಣು ಕೆಸರಾಗುವ ಮಳೆಗಾಲದಲ್ಲಿ ಹುಲ್ಲಿದ್ದ ಕಡೆ ತಾಂಡಾ ಹಾಕಿ ಎತ್ತುಗಳನ್ನು ಮೇಯಿಸಿಕೊಳ್ಳುತ್ತಿದ್ದರು. ಅವರ ರಜೆಯೂ ಮಳೆಗಾಲದ್ದೇ. ಆಮೇಲೆ ರಸ್ತೆ ಬಂತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಸುಮಾರು 1,600 ಮೈಲಿ ರಸ್ತೆಯಾಯಿತು. 1856ರಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿತು. ರಸ್ತೆ ಮೇಲೆ ಗಾಡಿ, ಹಿಂದೆಯೇ ರೈಲು. ಹೇರೆತ್ತಿನ ವ್ಯಾಪಾರ ಮುಗೀತು. ರಸ್ತೆಯಿಂದ ಕಸುಬು ಕಳಕೊಂಡವರಲ್ಲಿ ಎಷ್ಟೋ ಜನ ಮುಂದೆ ರಸ್ತೆಗೇ ಕಲ್ಲು ಹೊತ್ತರು.

ರೈತರನ್ನು ರಸ್ತೆಗೆ ತಂದದ್ದು ಬರ. 1876-78ರ ದೊಡ್ಡ ಬರದಲ್ಲಿ ಸರ್ಕಾರ ಕೊಟ್ಟ ಪರಿಹಾರವೆಂದರೆ ಜಲ್ಲಿ ಒಡೆಯೋದು, ಮಣ್ಣು ಹೊರೋದು. ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಅಲ್ಲಿ 1877ರಲ್ಲಿ ರಿಚರ್ಡ್ ಟೆಂಪಲ್ ಗೊತ್ತುಮಾಡಿದ ಕೂಲಿ, ದಿನವಿಡೀ ದುಡಿದ ಗಂಡಸಿಗೆ ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆ. ಪೌಂಡ್ ಅಂದರೆ ಅರ್ಧ ಕೆ.ಜಿ.ಯೂ ಇಲ್ಲ. ಮಳೆ ಕೈಕೊಟ್ಟರೆ ರಸ್ತೆಗೆ ಹೋಗು ಅನ್ನುವ ಪಾಠ ಬಯಲುಸೀಮೆಗೆ ಅವತ್ತೇ ಆಯ್ತೇನೋ. ಇವತ್ತಿಗೂ ಅದು ಮರೆತಿಲ್ಲ.

ನಮ್ಮ ಐಟಿ ಕಂಪನಿಗಳಲ್ಲಿ ಪ್ರಾಜೆಕ್ಟ್ ಇಲ್ಲದವರನ್ನು 'ಬೆಂಚ್ ಮೇಲಿದ್ದಾರೆ' ಅಂತೀವಿ. ಕೆಲಸ ಇಲ್ಲದಿದ್ರೂ ಸ್ವಲ್ಪ ದಿನ ಸಂಬಳ ಬರುತ್ತೆ. ಇವರಿಗೆ ಬೆಂಚಿಲ್ಲ, ಅದಕ್ಕೇ ಎರಡು ಊರು, ಎರಡು ಕಸುಬು. ದೊಡ್ಡವರು ಹೇಗೋ ಹೊಂದಿಸಿಕೊಳ್ಳುತ್ತಾರೆ. ಮಕ್ಕಳ ಶಾಲೆಗೆ ಮಾತ್ರ ಒಂದೇ ಕ್ಯಾಲೆಂಡರ್: ಜೂನ್‌ನಿಂದ ಏಪ್ರಿಲ್. ಬೇರೆ ಶಾಲೆಗೆ ವರ್ಗವಾಗುವ ಹಕ್ಕನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ಕೊಟ್ಟಿದೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅದೂ ಇರಲಿಲ್ಲ.

ಆ ವರ್ಷ ಟಾರಿನವರ ಹುಡುಗಿಯೊಬ್ಬಳು ದೀಪಾವಳಿ ಕಳೆದ ಮೇಲೆ ಬಂದು ನಮ್ಮ ಕ್ಲಾಸಿನ ಕೊನೇ ಸಾಲಿನಲ್ಲಿ ಕೂತಳು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಮೇಷ್ಟ್ರು ಕರುಣೆಯಿಂದ ಕೂರಿಸಿಕೊಂಡಿದ್ದರು. ಬಾಯಿಲೆಕ್ಕದಲ್ಲಿ ನಮ್ಮನ್ನೆಲ್ಲ ಮೀರಿಸ್ತಿದ್ಲು. ಏಪ್ರಿಲ್ 10ಕ್ಕೆ ರಿಸಲ್ಟ್. ನಮ್ಮ ಜೊತೆ ಅವಳೂ ಬಂದು ನಿಂತಳು. ಮೇಷ್ಟ್ರು ಪಟ್ಟಿ ಓದಿ ಮುಗಿಸಿದರು. ಎಲ್ಲರೂ ಕುಣಿದಾಡುತ್ತಾ ಹೊರಟಾಗ ಅವಳು ನನ್ನ ಹತ್ರ ಬಂದು ಕೇಳಿದಳು: 'ನಂದೇನಾತು?'

ನನಗೆ ಗೊತ್ತಿರಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದಾಗ ರೋಲರ್ ಹಲಸಿನ ಮರದ ಕೆಳಗಿತ್ತು. ಆ ವರ್ಷ ನಾನು ಅದನ್ನು ಹತ್ತಲಿಲ್ಲ.